ನಿಯಮ ರಚನೆಯ ಕಡತ: ಎಲ್ಲ ಇಲಾಖೆಗಳಿಗೂ ಒಂದೇ ಕ್ರಮ ತರುವುದು ಹೇಗೆ

ವಿಧಾನಮಂಡಲ ಒಂದು ಅಧಿನಿಯಮವನ್ನು ಅಂಗೀಕರಿಸುವಾಗ ಅದರೊಳಗೆ ಹತ್ತಾರು ಕಡೆ ಖಾಲಿ ಜಾಗ ಬಿಟ್ಟಿರುತ್ತದೆ: "ನಿಯಮಿಸಬಹುದಾದಂಥ ನಮೂನೆಯಲ್ಲಿ ಅರ್ಜಿ", "ನಿಯಮಿಸಬಹುದಾದಷ್ಟು ಶುಲ್ಕ", "ನಿಯಮಿಸಬಹುದಾದ ಅವಧಿಯೊಳಗೆ". ಆ ಜಾಗ ತುಂಬುವ ಕೆಲಸ ಇಲಾಖೆಯದು. ಅರ್ಜಿ ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು, ತಿರಸ್ಕೃತವಾದರೆ ಮೇಲ್ಮನವಿ ಎಲ್ಲಿ ಎಂಬುದೆಲ್ಲ ಗೊತ್ತಾಗುವುದು ನಿಯಮದಲ್ಲಿ. ಜನರ ಕೈಗೆ ದಿನವೂ ಸಿಗುವ ಕಾನೂನು ಇದೇ.

ಇಷ್ಟು ಮುಖ್ಯವಾದ ಕೆಲಸಕ್ಕೆ ನಮ್ಮಲ್ಲಿ ಒಂದೇ ಕಾನೂನು ಇಲ್ಲ. ಅಮೆರಿಕದ ರಾಜ್ಯಗಳು ಅನುಸರಿಸಲೆಂದು ಅಲ್ಲಿ 1946ರಲ್ಲೇ ಒಂದು ಮಾದರಿ ಆಡಳಿತ ಕಾರ್ಯವಿಧಾನ ಕಾನೂನು ಸಿದ್ಧವಾಯಿತು. 1961, 1981 ಮತ್ತು 2010ರಲ್ಲಿ ಅದನ್ನು ತಿದ್ದಿ ಬರೆದರು. ಇಲ್ಲಿ, ಮೊಬೈಲ್ ಕರೆ ಕಡಿತವಾದರೆ ಗ್ರಾಹಕರಿಗೆ ಒಂದು ರೂಪಾಯಿ ಕೊಡಬೇಕೆಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ವಿನಿಯಮವನ್ನು 2016ರಲ್ಲಿ ರದ್ದುಪಡಿಸುವಾಗ ಸುಪ್ರೀಂ ಕೋರ್ಟ್ ಅಂಥದೊಂದು ಕಾನೂನನ್ನು ಸಂಸತ್ತು ತರಲಿ ಎಂದು ಹೇಳಿತು. ಸದ್ಯ ನಮಗಿರುವುದು ಬಿಡಿ ಎಳೆಗಳು: ಮಾತೃ ಅಧಿನಿಯಮದ (ನಿಯಮ ಮಾಡಲು ಅಧಿಕಾರ ಕೊಡುವ ಮೂಲ ಅಧಿನಿಯಮದ) ನಿಯಮ ರಚನಾ ಪ್ರಕರಣ, ಎಲ್ಲ ಕಾನೂನುಗಳನ್ನೂ ಓದುವ ಸಾಮಾನ್ಯ ಕ್ರಮ ಹೇಳುವ 1899ರ ಕರ್ನಾಟಕ ಸಾಮಾನ್ಯ ಖಂಡಗಳ ಅಧಿನಿಯಮ, 1977ರ ಸರ್ಕಾರದ ಕಾರ್ಯನಿರ್ವಹಣಾ ನಿಯಮಗಳು, ಸರ್ಕಾರಿ ಆದೇಶದ ರೂಪ ಮತ್ತು ಶಾಸನದ ಭಾಷೆಯನ್ನು ಹೇಳುವ ಸಂವಿಧಾನದ 166 ಮತ್ತು 348ನೆಯ ಅನುಚ್ಛೇದಗಳು, ಮತ್ತು ನ್ಯಾಯಾಲಯದ ತೀರ್ಪುಗಳು. ಇವನ್ನು ಜೋಡಿಸುವ ಕೆಲಸ ವಿಷಯ ನಿರ್ವಾಹಕರ ತಲೆಯ ಮೇಲೆ ಬೀಳುತ್ತದೆ. ಅವರು "ಹಿಂದಿನ ಕಡತ ತೆಗೆದು ನೋಡುತ್ತಾರೆ". ಹಿಂದಿನ ಕಡತದಲ್ಲಿ ತಪ್ಪಿದ್ದರೆ ಅದೂ ಜೊತೆಗೇ ಬರುತ್ತದೆ.

ಹೊಸ ಕಾನೂನು ಬರುವವರೆಗೂ ಕಾಯಬೇಕಿಲ್ಲ. ಒಂದೇ ನಮೂನೆಯ ಕಡತ, ಒಂದೇ ದಿನಾಂಕ ಪಟ್ಟಿ ಮತ್ತು ಒಂದೇ ಕರಡು ಮಾದರಿ ಇದ್ದರೆ ಎಲ್ಲ ಇಲಾಖೆಗಳನ್ನೂ ಒಂದೇ ಹಾದಿಗೆ ತರಬಹುದು. ಅದನ್ನು ಕಟ್ಟುವ ಬಗೆ ಮುಂದಿದೆ.

ಕೈಯಲ್ಲಿರುವುದು ನಿಯಮವೇ, ಸುತ್ತೋಲೆಯೇ?

ಮೊದಲ ಗೊಂದಲ ಇಲ್ಲೇ ಆಗುತ್ತದೆ. ಅಧಿನಿಯಮದ ಅಧಿಕಾರದಿಂದ ರಾಜ್ಯ ಸರ್ಕಾರ ಮಾಡಿದ್ದು ನಿಯಮ. ಅದೇ ಅಧಿಕಾರದಿಂದ ಮಂಡಳಿ, ಆಯೋಗ, ವಿಶ್ವವಿದ್ಯಾಲಯದಂಥ ಸಂಸ್ಥೆ ಮಾಡಿದ್ದು ವಿನಿಯಮ. ಸ್ಥಳೀಯ ಸಂಸ್ಥೆ ಮಾಡಿದ್ದು ಉಪವಿಧಿ. 2003ರ ವಿದ್ಯುಚ್ಛಕ್ತಿ ಅಧಿನಿಯಮದಲ್ಲಿ ಈ ಹಂಚಿಕೆ ಸ್ಪಷ್ಟವಾಗಿದೆ: 180ನೆಯ ಪ್ರಕರಣದಡಿ ರಾಜ್ಯ ಸರ್ಕಾರ ನಿಯಮ ಮಾಡುತ್ತದೆ, 181ನೆಯ ಪ್ರಕರಣದಡಿ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವಿನಿಯಮ ಮಾಡುತ್ತದೆ, ಮತ್ತು ಆಯೋಗದ ವಿನಿಯಮಗಳಿಗೆ ಪೂರ್ವ ಪ್ರಕಟಣೆ (ಆಕ್ಷೇಪಣೆಗಾಗಿ ಕರಡನ್ನು ಮೊದಲೇ ಪ್ರಕಟಿಸುವುದು) ಕಡ್ಡಾಯ.

ಸರ್ಕಾರಿ ಆದೇಶ, ಸುತ್ತೋಲೆ, ಮಾರ್ಗಸೂಚಿಗಳು ಈ ಸಾಲಿಗೆ ಸೇರುವುದಿಲ್ಲ. ಅವು ಇಲಾಖೆಯ ನೌಕರರಿಗೆ ಕೆಲಸದ ಕ್ರಮ ಹೇಳಬಹುದು. ಹೊರಗಿನವರ ಮೇಲೆ ಹೊಸ ಹೊಣೆ ಹೊರಿಸಲಾರವು. ಗೋವಾದ ಕಡಲತೀರದ ಹೋಟೆಲುಗಳ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ವಿಧಿವತ್ತಾಗಿ ಹೊರಡಿಸದ, ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್‌ನಲ್ಲಿ) ಪ್ರಕಟವಾಗದ ಮಾರ್ಗಸೂಚಿಯನ್ನು ಕಾನೂನು ಎಂದು ಹೇರಲಾಗದು.

ಪರೀಕ್ಷೆ ಸರಳ. ಈ ಕಾಗದ ಸಾರ್ವಜನಿಕರಿಂದ ಏನನ್ನಾದರೂ ಕೇಳುತ್ತದೆಯೇ? ಕೇಳಿದ್ದನ್ನು ಕೊಡದಿದ್ದರೆ ಅವರಿಗೆ ನಷ್ಟವಾಗುತ್ತದೆಯೇ? ಮುಂದೆಯೂ ಎಲ್ಲರಿಗೂ ಅನ್ವಯಿಸುವಂಥದ್ದೇ? ಮೂರಕ್ಕೂ ಹೌದು ಎಂದಾದರೆ ಅದು ನಿಯಮವಾಗಿಯೇ ಬರಬೇಕು. ಬೇಗ ಆಗುತ್ತದೆಂದು ಸುತ್ತೋಲೆಯಲ್ಲಿ ಮುಗಿಸಿದ ಕೆಲಸ ಮೊದಲ ರಿಟ್ ಅರ್ಜಿಯವರೆಗೆ ಮಾತ್ರ ಬಾಳುತ್ತದೆ.

ಅಧಿಕಾರದ ಪಟ್ಟಿ: ಕರಡಿಗಿಂತ ಮೊದಲು

ಮಾತೃ ಅಧಿನಿಯಮವನ್ನು ಮುದ್ರಿಸಿಕೊಂಡು "ನಿಯಮಿಸಲಾದ", "ನಿಯಮಿಸಬಹುದಾದ" ಎಂಬ ಪದ ಬಂದ ಕಡೆಯೆಲ್ಲ ಗುರುತು ಹಾಕಿ. ನಂತರ ಐದು ಅಂಕಣದ ಪಟ್ಟಿ ಮಾಡಿ: ಪ್ರಕರಣದ ಸಂಖ್ಯೆ, ಏನನ್ನು ನಿಯಮಿಸಬೇಕು, ಯಾರು ನಿಯಮಿಸಬೇಕು, ಷರತ್ತು ಏನು (ಪೂರ್ವ ಪ್ರಕಟಣೆ, ಮಂಡಳಿಯ ಸಮಾಲೋಚನೆ, ಕೇಂದ್ರದ ಅನುಮೋದನೆ), ಕರಡಿನ ಯಾವ ನಿಯಮದಲ್ಲಿ ಅದು ಬಂದಿದೆ. ಕೊನೆಯ ಅಂಕಣ ಈಗ ಖಾಲಿ ಇರಲಿ.

ಕರಡು ಮುಗಿದ ಮೇಲೆ ಪಟ್ಟಿಯನ್ನು ಎರಡೂ ದಿಕ್ಕಿನಿಂದ ಓದಬೇಕು. ಪಟ್ಟಿಯಲ್ಲಿದ್ದು ಕರಡಿನಲ್ಲಿ ಇಲ್ಲದ್ದು ಉಳಿದುಹೋದ ಕೆಲಸ. ಕರಡಿನಲ್ಲಿದ್ದು ಪಟ್ಟಿಯಲ್ಲಿ ಎಲ್ಲೂ ಕೂರದ್ದು ಅಪಾಯ. ಅದಕ್ಕೆ "ಅಧಿನಿಯಮದ ಉದ್ದೇಶಗಳನ್ನು ನೆರವೇರಿಸುವುದಕ್ಕಾಗಿ" ಎಂಬ ಸಾಮಾನ್ಯ ಅಧಿಕಾರದ ಆಸರೆ ಮಾತ್ರ ಇರುತ್ತದೆ, ಮತ್ತು ನಾಲ್ಕು ವಿಷಯಗಳಲ್ಲಿ ಆ ಆಸರೆ ಸಾಲದು. ಶುಲ್ಕ ವಿಧಿಸಲು ಅಧಿನಿಯಮದಲ್ಲೇ ಅಧಿಕಾರ ಇರಬೇಕು. ದಂಡ ಅಥವಾ ಶಿಕ್ಷೆಗೂ ಹಾಗೆಯೇ. ಹಿಂದಿನ ದಿನಾಂಕದಿಂದ ಜಾರಿ ಮಾಡಬೇಕಾದರೆ ಆ ಅಧಿಕಾರವನ್ನು ಅಧಿನಿಯಮವೇ ಕೊಟ್ಟಿರಬೇಕು. ಸರ್ಕಾರಕ್ಕೆ ಕೊಟ್ಟ ಅಧಿಕಾರವನ್ನು ಸರ್ಕಾರ ಇನ್ನೊಬ್ಬ ಅಧಿಕಾರಿಗೆ ದಾಟಿಸುವುದಕ್ಕೂ ಅನುಮತಿ ಬೇಕು. "ಆಯುಕ್ತರು ಕಾಲಕಾಲಕ್ಕೆ ನಿರ್ದಿಷ್ಟಪಡಿಸುವ ಶುಲ್ಕ" ಎಂದು ನಿಯಮದಲ್ಲಿ ಬರೆದುಬಿಡುವುದು ಈ ನಾಲ್ಕನೆಯ ತಪ್ಪಿನ ತೀರಾ ಸಾಮಾನ್ಯ ರೂಪ.

ಸೇವಾ ವಿಷಯಗಳಿಗೆ ದಾರಿ ಬೇರೆ. ವೃಂದ ಮತ್ತು ನೇಮಕಾತಿ ನಿಯಮಗಳು 1978ರ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮದ ಅಡಿ ಬರುತ್ತವೆ, ಅಲ್ಲಿ ಕರಡು ಪ್ರಕಟಣೆಯ ಷರತ್ತು ಇದೆ. ಹಳೆಯ ಕಡತ ನೋಡಿ, ಸೇವಾ ನಿಯಮ ಮಾಡುವ ಅಧಿಕಾರ ಕೊಡುವ ಸಂವಿಧಾನದ 309ನೆಯ ಅನುಚ್ಛೇದವನ್ನೇ ಉಲ್ಲೇಖಿಸಿ ಅಧಿಸೂಚನೆ ಹೊರಡಿಸುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಅಧಿನಿಯಮ ಇನ್ನೂ ಜಾರಿಗೆ ಬಂದಿಲ್ಲವೆಂದು ಸುಮ್ಮನಿರಬೇಕಿಲ್ಲ. ಅಂಗೀಕಾರ ಮತ್ತು ಜಾರಿಯ ನಡುವಿನ ಅವಧಿಯಲ್ಲೂ ನಿಯಮ ಮಾಡಿಡಲು 1897ರ ಕೇಂದ್ರ ಸಾಮಾನ್ಯ ಖಂಡಗಳ ಅಧಿನಿಯಮದ 22ನೆಯ ಪ್ರಕರಣ ಅವಕಾಶ ಕೊಡುತ್ತದೆ. ನಿಯಮ ಪರಿಣಾಮಕ್ಕೆ ಬರುವುದು ಮಾತ್ರ ಅಧಿನಿಯಮ ಜಾರಿಯಾದ ಮೇಲೆ. ರಾಜ್ಯದ ಅಧಿನಿಯಮದಡಿ ಕೆಲಸ ಮಾಡುವಾಗ 1899ರ ರಾಜ್ಯ ಅಧಿನಿಯಮದಲ್ಲಿರುವ ಸಮಾನ ಪ್ರಕರಣವನ್ನು ತೆರೆದು ಓದಿ, ಅದನ್ನೇ ಕಡತದಲ್ಲಿ ನಮೂದಿಸಿ.

ಕರಡಿನ ಅಸ್ಥಿಪಂಜರ

ಎಲ್ಲ ಇಲಾಖೆಗಳೂ ಒಂದೇ ಅನುಕ್ರಮ ಹಿಡಿಯಲಿ: ಹೆಸರು ಮತ್ತು ಪ್ರಾರಂಭ, ಪರಿಭಾಷೆಗಳು, ಅರ್ಜಿ ಮತ್ತು ಶುಲ್ಕ, ಪರಿಶೀಲನೆಯ ಕ್ರಮ ಮತ್ತು ಕಾಲಮಿತಿ, ತೀರ್ಮಾನ ಮತ್ತು ಕಾರಣ ದಾಖಲೆ, ಮೇಲ್ಮನವಿ, ದಾಖಲೆ ಪುಸ್ತಕಗಳು, ನಿರಸನ (ಹಳೆಯದನ್ನು ರದ್ದುಪಡಿಸುವುದು) ಮತ್ತು ಉಳಿಸುವಿಕೆ, ಕೊನೆಗೆ ಅನುಸೂಚಿ ಮತ್ತು ನಮೂನೆಗಳು. ನಿಯಮ, ಉಪನಿಯಮ, ಖಂಡ, ಉಪಖಂಡ ಎಂಬ ಇಳಿಕೆ ಎಲ್ಲೆಡೆ ಒಂದೇ ಇರಬೇಕು. ಪರಂತುಕ ("ಪರಂತು" ಎಂದು ಶುರುವಾಗುವ ವಾಕ್ಯ) ವಿನಾಯಿತಿಗೆ ಮಾತ್ರ. ಪರಂತುಕದೊಳಗೆ ಹೊಸ ನಿಯಮವನ್ನೇ ತುರುಕಿದರೆ ಮುಂದೆ ಅದನ್ನು ಓದುವವರಿಗೆ ಮುಖ್ಯ ನಿಯಮ ಯಾವುದೆಂಬುದೇ ತಿಳಿಯುವುದಿಲ್ಲ.

ಅಧಿನಿಯಮದಲ್ಲಿ ಪರಿಭಾಷೆ ಕೊಟ್ಟ ಪದಕ್ಕೆ ನಿಯಮದಲ್ಲಿ ಮತ್ತೆ ಪರಿಭಾಷೆ ಬೇಡ. ಅದೇ ಅರ್ಥ ತಾನಾಗಿ ಬರುತ್ತದೆ. ಎರಡನೇ ಸಲ ಬರೆಯುವಾಗ ಒಂದು ಪದ ಹೆಚ್ಚುಕಡಿಮೆಯಾದರೂ ವಕೀಲರಿಗೆ ವಾದ ಸಿಕ್ಕಿತು.

ಭಾಷೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಶಾಸನ ಕನ್ನಡದಲ್ಲಿ "ತಕ್ಕದ್ದು" ಕಡ್ಡಾಯ, "ಬಹುದು" ವಿವೇಚನೆ. "ಮಾಡಬೇಕಾಗಿರುತ್ತದೆ", "ಮಾಡುವುದು", "ಕ್ರಮ ವಹಿಸುವುದು" ಎಂಬ ಕಚೇರಿ ಟಿಪ್ಪಣಿಯ ಮಾತುಗಳು ಕರಡಿಗೆ ಬಂದರೆ ಕಡ್ಡಾಯವೋ ಸಲಹೆಯೋ ಎಂಬ ಪ್ರಶ್ನೆ ಏಳುತ್ತದೆ. ಒಂದು ತಿಂಗಳು ಎಂದರೆ ಕ್ಯಾಲೆಂಡರ್ ತಿಂಗಳು. ಫೆಬ್ರವರಿಯಲ್ಲಿ 28 ದಿನ, ಜುಲೈನಲ್ಲಿ 31. ಎಲ್ಲರಿಗೂ ಒಂದೇ ಅವಧಿ ಬೇಕಿದ್ದರೆ ದಿನಗಳಲ್ಲೇ ಬರೆಯಿರಿ. "ಏಳು ದಿನದೊಳಗೆ" ಎಂದಷ್ಟೇ ಬರೆದು ಬಿಡಬೇಡಿ: ಅರ್ಜಿ ಸಲ್ಲಿಸಿದ ದಿನದಿಂದಲೇ, ದಾಖಲೆ ಪೂರ್ಣಗೊಂಡ ದಿನದಿಂದಲೇ, ಸ್ವೀಕೃತಿ ಕೊಟ್ಟ ದಿನದಿಂದಲೇ? ಈ ಒಂದು ಸಾಲು ಬಿಟ್ಟುಹೋದರೆ ಕಾಲಮಿತಿ ಕಾಗದದಲ್ಲೇ ಉಳಿಯುತ್ತದೆ. ಯಾಕೆಂದರೆ ಪ್ರತಿ ಕಚೇರಿಯೂ ತನಗೆ ಅನುಕೂಲವಾದ ದಿನದಿಂದ ಎಣಿಸುತ್ತದೆ. "ಸಕ್ಷಮ ಪ್ರಾಧಿಕಾರ" ಎಂದು ಬರೆದ ಕಡೆಯೆಲ್ಲ ಹುದ್ದೆಯ ಹೆಸರು ಪರಿಭಾಷೆಯಲ್ಲಿ ಇದೆಯೇ ನೋಡಿ. "ಇತ್ಯಾದಿ", "ಅಗತ್ಯವೆನಿಸಿದ ಇತರ ದಾಖಲೆಗಳು" ಎಂಬುವು ಬೇಡ. ದಾಖಲೆಗಳ ಪಟ್ಟಿ ಮುಚ್ಚಿದ ಪಟ್ಟಿಯಾಗಿರಲಿ.

ಕನ್ನಡ ಮತ್ತು ಇಂಗ್ಲಿಷ್ ಪಾಠಗಳೆರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿ. ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ ನಿಯಮಗಳ ಅಧಿಕೃತ ಪಾಠ ಇಂಗ್ಲಿಷ್‌ನಲ್ಲಿರಬೇಕು. ರಾಜ್ಯದ ಭಾಷೆಯಲ್ಲಿ ಮಾಡಿದ್ದಾದರೆ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಭಾಷಾಂತರ ಅಧಿಕೃತ ಪಾಠ ಎನಿಸುತ್ತದೆ. ಅಂದರೆ ಕನ್ನಡ ಪಾಠ ಓದಿ ಅರ್ಜಿ ಹಾಕಿದವರು ಇಂಗ್ಲಿಷ್ ಪಾಠದ ಮೇಲೆ ಸೋಲಬಹುದು. ಹೀಗಾಗದಿರಲು ಇಬ್ಬರು ಕುಳಿತು, ಒಬ್ಬರು ಕನ್ನಡ ಓದಿ ಇನ್ನೊಬ್ಬರು ಇಂಗ್ಲಿಷ್‌ನಲ್ಲಿ ಬೆರಳಿಟ್ಟು, ಸಂಖ್ಯೆ, ದಿನ, ಮೊತ್ತ, "ಮತ್ತು", "ಅಥವಾ" ಇಷ್ಟನ್ನು ಮಾತ್ರ ಹೋಲಿಸಲಿ. ಶೈಲಿಯ ಚರ್ಚೆ ಅಲ್ಲಿ ಬೇಡ. ವ್ಯತ್ಯಾಸಗಳು ಹೆಚ್ಚಾಗಿ ಅಡಗಿರುವುದು ಅನುಸೂಚಿಯಲ್ಲಿ ಮತ್ತು ನಮೂನೆಗಳಲ್ಲಿ. ಆ ಹೊತ್ತಿಗೆ ಓದುವವರು ದಣಿದಿರುತ್ತಾರೆ. ಆದ್ದರಿಂದ ಅನುಸೂಚಿಯಿಂದಲೇ ಶುರು ಮಾಡಿ.

ಹಳೆಯ ನಿಯಮ ತೆಗೆದು ಹೊಸದು ತರುವಾಗ ಉಳಿಸುವಿಕೆಯ ನಿಯಮ ಮರೆಯಬೇಡಿ. ಅಧಿನಿಯಮ ನಿರಸನವಾದಾಗ ಹಳೆಯ ಹಕ್ಕು, ಹೊಣೆಗಳನ್ನು ಕಾಯುವ ಸಾಮಾನ್ಯ ಖಂಡಗಳ 6ನೆಯ ಪ್ರಕರಣ ನಿಯಮಗಳ ನಿರಸನಕ್ಕೆ ಅನ್ವಯಿಸದೆಂದು 2000ದ ಕೊಲ್ಹಾಪುರ ಕೇನ್‌ಶುಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಬಾಕಿ ಇರುವ ಅರ್ಜಿಗಳು ಹಳೆಯ ನಿಯಮದಂತೆ ವಿಲೇವಾರಿಯಾಗಬೇಕೇ, ಹೊಸದರಂತೆಯೇ ಎಂಬುದನ್ನು ಸ್ಪಷ್ಟ ವಾಕ್ಯದಲ್ಲಿ ಬರೆಯಿರಿ. ಬರೆಯದಿದ್ದರೆ ಜಾರಿಯ ಮರುದಿನವೇ ಜಿಲ್ಲಾ ಕಚೇರಿಗಳಿಂದ ಸ್ಪಷ್ಟೀಕರಣ ಕೋರಿ ಪತ್ರ ಬರತೊಡಗುತ್ತವೆ, ಸ್ಪಷ್ಟೀಕರಣವನ್ನು ಸುತ್ತೋಲೆಯಲ್ಲಿ ಕೊಡಲಾಗುತ್ತದೆ, ಅಲ್ಲಿಗೆ ಮೊದಲಿನ ತಪ್ಪಿಗೇ ಮರಳಿದಂತಾಯಿತು.

ಎರಡು ಪುಟದ ವಿವರಣೆ

ಕರಡಿನ ಜೊತೆ ಎರಡು ಪುಟ ಮೀರದ ವಿವರಣಾ ಟಿಪ್ಪಣಿ ಇರಲಿ: ಈಗ ಏನು ತೊಡಕು, ಯಾರ ಮೇಲೆ ಪರಿಣಾಮ, ಅರ್ಜಿದಾರರಿಗೆ ಎಷ್ಟು ಖರ್ಚು ಮತ್ತು ಎಷ್ಟು ಓಡಾಟ, ಇಲಾಖೆಗೆ ಎಷ್ಟು ಸಿಬ್ಬಂದಿ, ಬೇರೆ ಯಾವ ದಾರಿ ಯೋಚಿಸಿ ಕೈಬಿಡಲಾಯಿತು. ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಅಧೀನ ಶಾಸನಕ್ಕೂ (ಅಂದರೆ ನಿಯಮ, ವಿನಿಯಮಗಳಿಗೂ) ಇಂಥ ಟಿಪ್ಪಣಿಯನ್ನೂ ಕನಿಷ್ಠ 30 ದಿನದ ಪ್ರಕಟಣೆಯನ್ನೂ ಕೇಳುತ್ತದೆ. ಅದು ಕೇಂದ್ರದ ಸಚಿವಾಲಯಗಳಿಗೆ ಹೇಳಿದ್ದು. ರಾಜ್ಯದ ಇಲಾಖೆಗಳು ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಆದರೆ 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಸಿ) ಎಲ್ಲ ಸಾರ್ವಜನಿಕ ಪ್ರಾಧಿಕಾರಗಳಿಗೂ ಅನ್ವಯಿಸುತ್ತದೆ: ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕು. ಈ ಎರಡು ಪುಟ ಅದನ್ನೂ ಪೂರೈಸುತ್ತದೆ.

ಸಹಮತಿಗಳ ಸರದಿ

ಸರದಿ ಹೀಗಿರಲಿ: ಮೊದಲು ಕ್ಷೇತ್ರ ಕಚೇರಿಗಳ ಅಭಿಪ್ರಾಯ, ನಂತರ ಹಣಕಾಸಿನ ಪರಿಣಾಮವಿದ್ದರೆ ಆರ್ಥಿಕ ಇಲಾಖೆ, ಸೇವಾ ವಿಷಯವಿದ್ದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಕೊನೆಯಲ್ಲಿ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆ. ಶಾಸನ ರಚನೆ ಇಲಾಖೆ ಪದಪದವನ್ನೂ ತಿದ್ದಿ ಕೊಟ್ಟ ಮೇಲೆ ಆರ್ಥಿಕ ಇಲಾಖೆ ಶುಲ್ಕ ಬದಲಿಸಿದರೆ ಇಡೀ ಪಾಠ ಮತ್ತೆ ಪರಿಶೀಲನೆಗೆ ಹೋಗಬೇಕು. ಸರದಿ ತಪ್ಪಿದ್ದಕ್ಕೆ ತಿಂಗಳುಗಳು ಹೋಗುತ್ತವೆ. ಸಚಿವ ಸಂಪುಟದ ಮುಂದೆ ಹೋಗಬೇಕೇ ಎಂಬುದನ್ನು 1977ರ ಕಾರ್ಯನಿರ್ವಹಣಾ ನಿಯಮಗಳ ಅನುಸೂಚಿ ನೋಡಿ ಮೊದಲ ಟಿಪ್ಪಣಿಯಲ್ಲೇ ದಾಖಲಿಸಿ.

ಪರಿಶೀಲಿತ ಪಾಠಕ್ಕೆ ಆವೃತ್ತಿ ಸಂಖ್ಯೆ ಕೊಡಿ. ಇ-ಕಚೇರಿಯಲ್ಲಿ ಒಂದೇ ಹೆಸರಿನ ನಾಲ್ಕು ಕರಡುಗಳು ಇದ್ದು, ಹಳೆಯದೇ ಮುದ್ರಣಾಲಯಕ್ಕೆ ಹೋಗುವ ಸಾಧ್ಯತೆ ಬಹಳ. ಹೋಗುವ ಪ್ರತಿಯ ಪ್ರತಿ ಪುಟದ ಅಡಿಯಲ್ಲೂ ಆ ಸಂಖ್ಯೆ ಇರಬೇಕು.

ಪೂರ್ವ ಪ್ರಕಟಣೆ: ಹೆಚ್ಚು ಎಡವುವ ಮೆಟ್ಟಿಲು

ಅಧಿನಿಯಮದಲ್ಲಿ "ಪೂರ್ವ ಪ್ರಕಟಣೆಯ ತರುವಾಯ" ಎಂಬ ಮಾತಿದ್ದರೆ ಸಾಮಾನ್ಯ ಖಂಡಗಳ ಅಧಿನಿಯಮದ ಕ್ರಮ ತಾನಾಗಿ ಬಂದು ಕೂರುತ್ತದೆ. ಕೇಂದ್ರದ ಅಧಿನಿಯಮದ 23ನೆಯ ಪ್ರಕರಣ ಹೇಳುವುದಿಷ್ಟು: ಬಾಧಿತರಾಗಬಹುದಾದವರ ಮಾಹಿತಿಗಾಗಿ ಕರಡು ಪ್ರಕಟಿಸಬೇಕು, ಯಾವ ದಿನಾಂಕದಂದು ಅಥವಾ ನಂತರ ಪರಿಗಣಿಸಲಾಗುವುದೆಂದು ನೋಟಿಸಿನಲ್ಲಿ ಹೇಳಬೇಕು, ಆ ದಿನಾಂಕದ ಮೊದಲು ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಬೇಕು. ಹಾಗೆ ಮಾಡಲಾಗಿದೆ ಎಂದು ಹೇಳುವ ಅಂತಿಮ ನಿಯಮ ರಾಜ್ಯಪತ್ರದಲ್ಲಿ ಬಂದರೆ ಅದು ವಿಧಿವತ್ತಾಗಿ ಆಗಿದೆ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯವೂ ಆಗುತ್ತದೆ. ಈ ಕೊನೆಯ ಮಾತನ್ನು ನಂಬಿ ಹಿಂದಿನ ಮೂರನ್ನು ಸಡಿಲ ಬಿಡುವವರಿದ್ದಾರೆ. ಅಧಿಕಾರವೇ ಇಲ್ಲದ ನಿಯಮವನ್ನು ಯಾವ ನಿರ್ಣಾಯಕ ಸಾಕ್ಷ್ಯವೂ ಉಳಿಸದು.

ದಿನ ಎಣಿಸುವ ಬಗೆ ಎಲ್ಲರಿಗೂ ಒಂದೇ ಇರಲಿ. ಕಾಲಾವಧಿ ಶುರುವಾಗುವುದು ಕಾರ್ಯದರ್ಶಿ ಸಹಿ ಹಾಕಿದ ದಿನದಿಂದಲ್ಲ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ. ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು. ಜೂನ್ 6ರ ರಾಜ್ಯಪತ್ರದಲ್ಲಿ 30 ದಿನದ ನೋಟಿಸ್ ಬಂದರೆ ಜೂನ್ 7 ಮೊದಲ ದಿನ, ಜೂನ್ 30 ಇಪ್ಪತ್ನಾಲ್ಕನೆಯದು, ಜುಲೈ 6 ಮೂವತ್ತನೆಯದು. ಪರಿಗಣನೆ ಜುಲೈ 7ರಂದು ಅಥವಾ ನಂತರ. ಜುಲೈ 6 ರಜೆಯಾಗಿದ್ದರೆ ಮುಂದಿನ ಕೆಲಸದ ದಿನ ಬಂದ ಅರ್ಜಿಯನ್ನೂ ಸ್ವೀಕರಿಸುವುದೇ ಕ್ಷೇಮ. ಅವಧಿ ಮುಗಿಯುವ ಮೊದಲೇ ಅಂತಿಮ ಕರಡಿಗೆ ಅನುಮೋದನೆ ಪಡೆದ ಕಡತ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಮನಸ್ಸು ಮೊದಲೇ ಮಾಡಿಯಾಗಿತ್ತು ಎಂಬುದಕ್ಕೆ ಆ ಟಿಪ್ಪಣಿಯೇ ಸಾಕ್ಷಿ. ಕರಡು ಅಧಿಸೂಚನೆಗಳಲ್ಲಿ 15 ದಿನವೂ ಇರುತ್ತದೆ, 30 ದಿನವೂ ಇರುತ್ತದೆ. ಅಧಿನಿಯಮವೇ ಅವಧಿ ಹೇಳದಿದ್ದರೆ ಸಾರ್ವಜನಿಕರಿಗೆ ತಟ್ಟುವ ಎಲ್ಲದಕ್ಕೂ 30 ದಿನ ಎಂದು ಗೊತ್ತುಮಾಡಿಕೊಳ್ಳುವುದು ವಾಸಿ.

ನೋಟಿಸಿನಲ್ಲಿ ಇರಬೇಕಾದ್ದು: ಯಾವ ಅಧಿನಿಯಮದ ಯಾವ ಪ್ರಕರಣ; ಎಷ್ಟು ದಿನ; ಯಾರ ಹೆಸರಿಗೆ, ಯಾವ ಕೊಠಡಿ ಮತ್ತು ಕಟ್ಟಡಕ್ಕೆ; ಇ-ಮೇಲ್ ವಿಳಾಸ; ಕಡತ ಸಂಖ್ಯೆ; ಕರಡಿನ ಪೂರ್ಣ ಪಾಠ. ತಿದ್ದುಪಡಿ ಕರಡಾದರೆ ಈಗಿರುವ ಪಾಠವನ್ನೂ ಜೊತೆಗೆ ಕೊಡಿ. "'ಅರವತ್ತು' ಎಂಬ ಪದಕ್ಕೆ ಬದಲಾಗಿ 'ಮೂವತ್ತು' ಎಂಬ ಪದವನ್ನು ಪ್ರತಿಯೋಜಿಸತಕ್ಕದ್ದು" ಎಂದಷ್ಟೇ ಓದಿದವರಿಗೆ ಏನು ಬದಲಾಗುತ್ತಿದೆ ಎಂದು ಹೇಗೆ ತಿಳಿಯಬೇಕು?

ರಾಜ್ಯಪತ್ರದಲ್ಲಿ ಹಾಕಿದರೆ ಕೆಲಸ ಮುಗಿಯಿತು ಎಂದಲ್ಲ. ನಿಯಮಗಳು ಬರುವ ಭಾಗ 4-ಎಯನ್ನು ವಕೀಲರು ಓದುತ್ತಾರೆ. ಅಕ್ಕಿ ಗಿರಣಿಯವರು, ಆಟೋ ಚಾಲಕರು, ಅಂಗನವಾಡಿ ಕಾರ್ಯಕರ್ತೆಯರು ಓದುವುದಿಲ್ಲ. ಇಲಾಖೆಯ ಜಾಲತಾಣದ ಮುಖಪುಟ, ಜಿಲ್ಲಾ ಮತ್ತು ತಾಲ್ಲೂಕು ಕಚೇರಿಯ ಸೂಚನಾ ಫಲಕ, ಬಾಧಿತರ ಸಂಘಗಳಿಗೆ ನೇರ ಪತ್ರ, ಇವಿಷ್ಟನ್ನೂ ಅದೇ ದಿನ ಮಾಡಿ ಪುರಾವೆ ಕಡತಕ್ಕೆ ಸೇರಿಸಿ. ಪ್ರಕಟಣೆಯ ವಿಧಾನವನ್ನು ಅಧಿನಿಯಮವೇ ಹೇಳಿದ್ದರೆ ಅದನ್ನು ಚಾಚೂ ತಪ್ಪದೆ ಪಾಲಿಸಿ. ಗುಜರಾತಿನ ಕೃಷಿ ಮಾರುಕಟ್ಟೆ ಕಾನೂನು ಅಧಿಸೂಚನೆಯನ್ನು ಗುಜರಾತಿ ಭಾಷೆಯಲ್ಲಿ ಪತ್ರಿಕೆಯಲ್ಲೂ ಪ್ರಕಟಿಸಬೇಕೆಂದಿತ್ತು. ಹಾಗೆ ಮಾಡದ ಕಾರಣ 1975ರ ಗೋವಿಂದಲಾಲ್ ಪ್ರಕರಣದಲ್ಲಿ ಆ ಅಧಿಸೂಚನೆಯ ಮೇಲೆ ನಿಂತಿದ್ದ ಶಿಕ್ಷೆಯೇ ಬಿದ್ದುಹೋಯಿತು.

ಆಕ್ಷೇಪಣೆಗಳ ತಖ್ತೆ

ಬಂದ ಪ್ರತಿ ಕಾಗದಕ್ಕೂ ಕ್ರಮಸಂಖ್ಯೆ, ಬಂದ ದಿನ, ಸ್ವೀಕೃತಿ. ನಂತರ ಆರು ಅಂಕಣದ ತಖ್ತೆ: ಸಂಖ್ಯೆ, ಯಾರಿಂದ, ಯಾವ ನಿಯಮದ ಬಗ್ಗೆ, ಆಕ್ಷೇಪಣೆಯ ಸಾರ, ಇಲಾಖೆಯ ಅಭಿಪ್ರಾಯ ಮತ್ತು ಕಾರಣ, ಕರಡಿನಲ್ಲಿ ಆದ ಬದಲಾವಣೆ. ಒಂದೇ ಒಕ್ಕಣೆಯ ನೂರು ಅರ್ಜಿಗಳಿದ್ದರೆ ಒಂದು ಸಾಲು ಸಾಕು, ಸಂಖ್ಯೆ ಮಾತ್ರ ಬರೆಯಿರಿ. ತಖ್ತೆಯನ್ನು ನಿಯಮವಾರು ಜೋಡಿಸಿದರೆ ಯಾವ ನಿಯಮಕ್ಕೆ ನಿಜವಾಗಿ ವಿರೋಧವಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಐದನೆಯ ಅಂಕಣವೇ ಈ ಇಡೀ ಕಡತದ ಜೀವ. "ಪರಿಶೀಲಿಸಲಾಗಿದೆ, ಒಪ್ಪಲು ಬರುವುದಿಲ್ಲ" ಎಂಬುದು ಕಾರಣವಲ್ಲ. "ಶುಲ್ಕ ಇಳಿಸುವ ಸಲಹೆ: ಒಂದು ಅರ್ಜಿಯ ತಪಾಸಣೆಗೆ ತಗಲುವ ವೆಚ್ಚದ ಲೆಕ್ಕ ಪುಟ 41ರಲ್ಲಿದೆ, ಅದಕ್ಕಿಂತ ಕಡಿಮೆ ಮಾಡಿದರೆ ಇಲಾಖೆ ಭರಿಸಬೇಕಾಗುತ್ತದೆ" ಎಂಬುದು ಕಾರಣ. ಟ್ರಾಯ್ ಪ್ರಕರಣದಲ್ಲಿ ನ್ಯಾಯಾಲಯ ಕೇಳಿದ್ದೂ ಇದನ್ನೇ: ಸಮಾಲೋಚನೆಯಲ್ಲಿ ಬಂದ ವಾದಗಳಿಗೆ ತರ್ಕಬದ್ಧ ಉತ್ತರ ಇತ್ತೇ? ಒಂದೇ ಒಂದು ಆಕ್ಷೇಪಣೆಯೂ ಬಾರದಿದ್ದರೆ ಅದನ್ನೂ ಬರೆಯಿರಿ, ಜೊತೆಗೆ ಪ್ರಕಟಣೆ ಜನರಿಗೆ ತಲುಪಿತ್ತೇ ಎಂದು ಒಮ್ಮೆ ಅನುಮಾನಿಸಿ.

ಆಕ್ಷೇಪಣೆಯ ಮೇಲೆ ಮಾಡಿದ ಬದಲಾವಣೆ ಕರಡಿನ ವಿಷಯದೊಳಗೇ ಇದ್ದರೆ ಮುಂದೆ ಹೋಗಬಹುದು. 60 ದಿನವನ್ನು 45 ಮಾಡುವುದು ಹಾಗೆ. ಆದರೆ ಕರಡಿನಲ್ಲಿ ಸುಳಿವೇ ಇರದ ಹೊಸ ಪರವಾನಗಿ ಅಥವಾ ಹೊಸ ವರ್ಗದ ಜನ ಅಂತಿಮ ಪಾಠದಲ್ಲಿ ಸೇರಿದರೆ ಅವರಿಗೆ ಮಾತಾಡುವ ಅವಕಾಶ ಸಿಕ್ಕಿಲ್ಲ. ಅಷ್ಟು ಭಾಗವನ್ನು ಮತ್ತೆ ಕರಡಾಗಿ ಪ್ರಕಟಿಸಿ. ಉಳಿದದ್ದನ್ನು ತಡೆಯಬೇಕಿಲ್ಲ.

ಅಂತಿಮ ಅಧಿಸೂಚನೆ

ಪೀಠಿಕೆಯಲ್ಲಿ ಈ ಸಂಗತಿಗಳು ಇದೇ ಕ್ರಮದಲ್ಲಿ ಬರಲಿ: ಕರಡು ಪ್ರಕಟವಾದ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ರಾಜ್ಯಪತ್ರದ ಭಾಗ ಮತ್ತು ದಿನಾಂಕ, ಆಹ್ವಾನಿಸಿದ ಅವಧಿ, ರಾಜ್ಯಪತ್ರ ಸಾರ್ವಜನಿಕರಿಗೆ ಲಭ್ಯವಾದ ದಿನ, ಬಂದ ಆಕ್ಷೇಪಣೆಗಳನ್ನು ಪರಿಗಣಿಸಲಾಗಿದೆ ಎಂಬ ಹೇಳಿಕೆ, ಅಧಿಕಾರ ನೀಡುವ ಪ್ರಕರಣ. ಕೊನೆಯಲ್ಲಿ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ". ಒಂದಕ್ಕಿಂತ ಹೆಚ್ಚು ಪ್ರಕರಣಗಳಿಂದ ಅಧಿಕಾರ ಬಂದಿದ್ದರೆ ಎಲ್ಲವನ್ನೂ ಹೆಸರಿಸಿ. ಇಲ್ಲಿ ಅಧಿಕಾರದ ಪಟ್ಟಿ ಕೆಲಸಕ್ಕೆ ಬರುತ್ತದೆ.

ಬೆಂಗಳೂರಿನ ಕಟ್ಟಡ ಮತ್ತು ವಲಯ ವಿನಿಯಮಗಳ ಕುರಿತ 1987ರ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿನ ತಿರುಳು ಈ ಹಂತಕ್ಕೆ ಅನ್ವಯಿಸುತ್ತದೆ: ಸದನದ ಶಾಸನ ಬಹಿರಂಗವಾಗಿ ಆಗುತ್ತದೆ, ಅಧೀನ ಶಾಸನ ಕೊಠಡಿಯೊಳಗೆ ಸದ್ದಿಲ್ಲದೆ ಆಗಬಹುದು. ಆದ್ದರಿಂದ ಮಾತೃ ಅಧಿನಿಯಮ ಹೇಳದಿದ್ದರೂ ರಾಜ್ಯಪತ್ರದಂಥ ರೂಢಿಯ ಮಾರ್ಗದಲ್ಲಿ ಪ್ರಕಟವಾಗಲೇಬೇಕು.

ರಾಜ್ಯಪತ್ರ ವಿದ್ಯುನ್ಮಾನವಾದ ಮೇಲೆ ದಿನಾಂಕ ಮಾತ್ರವಲ್ಲ, ಗಂಟೆಯೂ ಮುಖ್ಯ. 2019ರ ಫೆಬ್ರವರಿ 16ರಂದು ಪಾಕಿಸ್ತಾನದಿಂದ ಬರುವ ಸರಕಿನ ಸುಂಕ ಏರಿಸಿದ ಕೇಂದ್ರದ ಅಧಿಸೂಚನೆ ಇ-ರಾಜ್ಯಪತ್ರಕ್ಕೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅದಕ್ಕೂ ಮೊದಲು ಅದೇ ದಿನ ಕಾಗದಪತ್ರ ಸಲ್ಲಿಸಿದ್ದ ಆಮದುದಾರರ ಮೇಲೆ ಹೊಸ ದರ ಹಾಕಲಾಗದೆಂದು 2020ರಲ್ಲಿ ತೀರ್ಮಾನವಾಯಿತು. ಶುಲ್ಕ, ಗಡುವು, ನಿಷೇಧ ಇರುವ ನಿಯಮಗಳಿಗೆ "ಪ್ರಕಟವಾದ ದಿನಾಂಕದಿಂದ" ಎನ್ನುವ ಬದಲು ಮುಂದಿನ ತಿಂಗಳ 1ನೆಯ ತಾರೀಕು ಹಾಕುವುದರಿಂದ ಈ ಜಗಳವೇ ಹುಟ್ಟುವುದಿಲ್ಲ. ನಮೂನೆ ಮುದ್ರಿಸಲು, ತಂತ್ರಾಂಶ ಬದಲಿಸಲು ಕೆಳಗಿನ ಕಚೇರಿಗಳಿಗೆ ಸಮಯವೂ ಸಿಗುತ್ತದೆ.

ಸದನದ ಮುಂದೆ

ಅಧಿನಿಯಮಗಳಲ್ಲಿ ಸಾಮಾನ್ಯವಾಗಿರುವ ಮಂಡನಾ ಪ್ರಕರಣ ಹೇಳುವುದು: ನಿಯಮವನ್ನು ಆದಷ್ಟು ಬೇಗ ಎರಡೂ ಸದನಗಳ ಮುಂದೆ, ಅಧಿವೇಶನದಲ್ಲಿರುವಾಗ, ಒಟ್ಟು 30 ದಿನ ಇಡತಕ್ಕದ್ದು. ಇದು ಒಂದೇ ಅಧಿವೇಶನದಲ್ಲಿ ಮುಗಿಯಬೇಕೆಂದಿಲ್ಲ. ಇಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಇಂಥ ಅಧಿಸೂಚನೆ ಅಸಿಂಧುವಾಗದೆಂದು 1979ರ ಅಟ್ಲಾಸ್ ಸೈಕಲ್ ಪ್ರಕರಣ ಹೇಳಿದೆ. ಅದನ್ನೇ ನೆಪ ಮಾಡಿಕೊಂಡು ಮಂಡನೆಯನ್ನು ವರ್ಷಗಟ್ಟಲೆ ಮುಂದೂಡಿದರೆ ಅಧೀನ ಶಾಸನ ರಚನಾ ಸಮಿತಿಯ ಮುಂದೆ ಉತ್ತರಿಸಬೇಕಾದವರು ಅಂದಿನ ಅಧಿಕಾರಿಯಲ್ಲ, ಇಂದಿನವರು. ಅಂತಿಮ ಅಧಿಸೂಚನೆಯ ಜೊತೆಯಲ್ಲೇ ಮಂಡನೆಯ ಟಿಪ್ಪಣಿ, ವಿವರಣೆ, ಅಗತ್ಯ ಪ್ರತಿಗಳನ್ನು ಸಿದ್ಧಮಾಡಿ ಕಡತದಲ್ಲಿ ಇಟ್ಟುಬಿಡಿ.

ಇದನ್ನು ಎಲ್ಲೆಡೆ ಜಾರಿಗೆ ತರಲು

ಪ್ರತಿ ಇಲಾಖೆಯಲ್ಲಿ ಒಬ್ಬ ಅಧೀನ ಕಾರ್ಯದರ್ಶಿ ದರ್ಜೆಯವರು ನಿಯಮ ರಚನೆಗೆ ಹೊಣೆಗಾರರಾಗಲಿ. ಕಡತದ ಮೊದಲ ಹಾಳೆ ದಿನಾಂಕ ಪಟ್ಟಿ: ಅಧಿಕಾರದ ಪಟ್ಟಿ ಮುಗಿದದ್ದು, ಪ್ರತಿ ಸಹಮತಿ, ಕರಡು ರಾಜ್ಯಪತ್ರ, ಅವಧಿ ಮುಕ್ತಾಯ, ತಖ್ತೆಗೆ ಅನುಮೋದನೆ, ಅಂತಿಮ ರಾಜ್ಯಪತ್ರ, ಜಾರಿ, ಎರಡು ಸದನಗಳಲ್ಲಿ ಮಂಡನೆ. ಹಿಂದಿನ ಸಾಲು ಖಾಲಿ ಇದ್ದರೆ ಮುಂದಿನ ಸಹಿ ಬೀಳಬಾರದು. ಶುರುವಿಗೆ ಹಳೆಯ ನಿಯಮಗಳನ್ನೆಲ್ಲ ತಿದ್ದಲು ಹೊರಡಬೇಡಿ. ಹೊಸದಾಗಿ ಬರುವವಕ್ಕೆ ಮಾತ್ರ ಈ ಕ್ರಮ ಹಾಕಿ. ಒಂದೆರಡು ಕಡತ ಪೂರ್ತಿ ಸಾಗಿದ ಮೇಲೆ ನಮೂನೆಯಲ್ಲಿ ಏನು ಸಾಲದು ಎಂಬುದು ತಾನೇ ತಿಳಿಯುತ್ತದೆ.

ಕೊನೆಯದಾಗಿ ಕ್ರೋಡೀಕೃತ ಪಾಠ. ಏಳೆಂಟು ತಿದ್ದುಪಡಿಗಳಾದ ನಿಯಮಕ್ಕೆ ಇಂದು ಚಾಲ್ತಿಯಲ್ಲಿರುವ ಪಾಠ ಯಾವುದೆಂದು ಇಲಾಖೆಯೇ ಹೇಳಲಾರದ ಸ್ಥಿತಿ ಅಪರೂಪವಲ್ಲ. ಪ್ರತಿ ತಿದ್ದುಪಡಿಯ ಅಂತಿಮ ಅಧಿಸೂಚನೆ ಬಂದ ಏಳು ದಿನದೊಳಗೆ ತಿದ್ದಿದ ಪೂರ್ಣ ಪಾಠ ಜಾಲತಾಣಕ್ಕೆ ಏರಲಿ. ತಿದ್ದಿದ ಜಾಗದಲ್ಲಿ ಅಡಿಟಿಪ್ಪಣಿಯಾಗಿ ಅಧಿಸೂಚನೆಯ ಸಂಖ್ಯೆ ಮತ್ತು ಜಾರಿ ದಿನಾಂಕ ಇರಲಿ, ಹಿಂದಿನ ಪಾಠವನ್ನು ಅಳಿಸದೆ ದಿನಾಂಕದೊಂದಿಗೆ ಉಳಿಸಲಿ. ಐದು ವರ್ಷದ ಹಿಂದಿನ ಅರ್ಜಿಯ ಮೇಲ್ಮನವಿ ಕೇಳುವ ಅಧಿಕಾರಿಗೆ ಬೇಕಾಗುವುದು ಇಂದಿನ ಪಾಠವಲ್ಲ, ಅಂದಿನದು.